ಬಾಸೆಲ ಪಟ್ಟಣದಲ್ಲಿ ಮಿತವ್ಯಯದ ಬಿಡಾರ

ಹಿಂದಿನ ವಿದ್ಯಾರ್ಥಿನಿಯರ ಕೂಟದಲ್ಲಿ ಬೈಲಹೊಂಗಲದ ಒಬ್ಬ ತಾಯಿಯವರು ನಮ್ಮ ಬಳಿಗೆ ಬಂದು ತಮ್ಮ ಅಡಚಣಿಯನ್ನು ಹೇಳಿಕೊಂಡರು. ಅವರ ಮಗಳು ನಮ್ಮ ಶಾಲೆಯಲ್ಲಿಯೇ ಓದಿ, ಮುಂದೆ ಔಷಧಶಾಸ್ತ್ರವನ್ನು ಕಲಿತು, ಈಗ ಸ್ವಿತ್ಝರ್ಲಂಡದ ಬಾಸೆಲ ಪಟ್ಟಣದಲ್ಲಿ ನೌಕರಿಯಲ್ಲಿರುವಳು. "ಅವ್ವಾ, ಒಮ್ಮೆ ಬಂದು ಹೋಗು" ಎಂದು ಎರಡು ವರ್ಷಗಳಿಂದ ಕರೆಯುತ್ತಿರುವಳು. ಆದರೆ ಅವಳಿಗಿರುವದು ಒಂದೇ ಕೋಣೆ. ಅದರಲ್ಲಿಯೂ ಇನ್ನೊಬ್ಬಳ ಪಾಲುಂಟು. ತಂದೆತಾಯಿಗಳಿಬ್ಬರೂ ಅಲ್ಲಿ ಇಳಿದುಕೊಳ್ಳುವದು ಆಗದ ಮಾತು. ಹೋಟೆಲುಗಳ ಬಾಡಿಗೆಯನ್ನು ರೂಪಾಯಿಗೆ ತಿರುಗಿಸಿ ನೋಡಿದ ದಿನವೇ ಆ ತಾಯಿಯವರು ಹೋಗುವ ವಿಚಾರವನ್ನು ಬಿಟ್ಟುಬಿಟ್ಟರು. "ಎಂಟು ದಿನದ ಬಿಡಾರಕ್ಕ ಒಂದು ಜೋಡಿ ಎತ್ತು ಮಾರಬೇಕಲ್ರೀ" ಎಂದು ಅವರು ನಕ್ಕರಾದರೂ, ಆ ನಗೆಯ ಹಿಂದಿನ ವ್ಯಸನವು ನಮಗೆ ಕಾಣದೆ ಇರಲಿಲ್ಲ. ಇದೇ ಸ್ಥಿತಿಯಲ್ಲಿರುವ ಪಾಲಕರು ಇನ್ನೂ ಹಲವರಿರಬಹುದಾದ್ದರಿಂದ ನಮಗೆ ತಿಳಿದ ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ಮೊದಲು, ಬಾಡಿಗೆಯು ಅಷ್ಟು ಹೆಚ್ಚಾಗಿರುವದೇಕೆ? ಇತ್ತೀಚಿನ ವರ್ಷಗಳಲ್ಲಿ ಒಂದು ಸ್ವಿಸ್ ಫ್ರಾಂಕಿನ ಬೆಲೆಯು ನಮ್ಮ 100 ರೂಪಾಯಿಗಳ ಆಚೆ ಈಚೆ ಇರುತ್ತದೆ. ಬಾಸೆಲಿನ ಸಾಧಾರಣ ಹೋಟೆಲಿನಲ್ಲಿಯೂ ಇಬ್ಬರ ಕೋಣೆಗೆ ರಾತ್ರಿಯೊಂದಕ್ಕೆ 100 ಫ್ರಾಂಕಿಗೆ ಮೇಲ್ಪಟ್ಟು ಕೊಡಬೇಕಾಗುವದು ಸಾಮಾನ್ಯ. ಅಷ್ಟು ಕೊಟ್ಟರೂ ಕೋಣೆಯು ಅರಮನೆಯಂತೇನೂ ಇರುವದಿಲ್ಲ. ಹಾಸಿಗೆ ಹಾಸುವವಳಿಗೂ ನೆಲ ಒರೆಸುವವನಿಗೂ ಆ ದೇಶದಲ್ಲಿ ಸಂಸಾರ ನಡೆಯುವಷ್ಟು ವೇತನವನ್ನು ಕೊಡಬೇಕಾಗುತ್ತದೆ. ನಾವು ತೆರುವ ಹಣದಲ್ಲಿ ದೊಡ್ಡ ಪಾಲು ಅದೇ. ಗೊಡಚಿಯ ಜಾತ್ರೆಯಲ್ಲಿಯೂ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿಯೂ ಜನರು ಬಂಡಿಯ ಕೆಳಗೆ ಮಲಗಿ ಏಳುವದನ್ನು ಕಂಡು ಬೆಳೆದ ನಮಗೆ, ಬರಿಯ ನಿದ್ರೆಗೆ ಇಷ್ಟು ಹಣವೇ ಎಂದು ಎದೆ ಝಲ್ಲೆನ್ನುವದು ಸಹಜವೇ.

ಕಾಲವನ್ನು ನೋಡಿ ಹೋಗುವದು ಮುಖ್ಯ. ಜೂನ ತಿಂಗಳಲ್ಲಿ ಅಲ್ಲಿ ಜಗತ್ಪ್ರಸಿದ್ಧವಾದ ಚಿತ್ರಕಲೆಯ ಸಂತೆಯು ಕೂಡುತ್ತದೆ. ಆ ವಾರ ಬಾಡಿಗೆಯು ಹಲವು ಪಟ್ಟು ಏರುವದು. ಬೂದಿ ಬುಧವಾರದ ಮುಂದಿನ ಸೋಮವಾರ ನಸುಕಿನ ನಾಲ್ಕು ಗಂಟೆಗೆ ಆರಂಭವಾಗಿ ಮೂರು ದಿನ ನಡೆಯುವ ಫಾಸ್ನಾಖ್ಟ ಎಂಬ ಉತ್ಸವದಲ್ಲಿಯೂ ಕೋಣೆ ಸಿಗುವದು ಕಷ್ಟ. ಈ ಎರಡನ್ನೂ ತಪ್ಪಿಸತಕ್ಕದ್ದು.

ಇನ್ನು ಇಳಿದುಕೊಳ್ಳತಕ್ಕ ಸ್ಥಳಗಳು. ಇವುಗಳಲ್ಲಿ ಒಂದು ನಮ್ಮ ವಾಚಕರಿಗೆ ಹೆಸರಿನಿಂದಲಾದರೂ ಪರಿಚಿತವಾದದ್ದು. 1815ರಲ್ಲಿ ಆ ಪಟ್ಟಣದಲ್ಲಿ ಸ್ಥಾಪಿತವಾದ ಬಾಸೆಲ ಮಿಷನ್ನು 1834ರಲ್ಲಿ ನಮ್ಮ ದೇಶದ ಪಡುವಣ ಕರಾವಳಿಗೂ 1837ರಲ್ಲಿ ಧಾರವಾಡಕ್ಕೂ ಬಂದಿತು. ಬೆಳಗಾವಿಯ ಕಡೆಗೆ ಲಂಡನ್ ಮಿಷನ್ನಿನವರೂ 1904ರ ತರುವಾಯ ಮೆಥೊಡಿಸ್ಟರೂ ಸೇವೆ ಮಾಡಿದ್ದರಿಂದ, ಆ ಎರಡೂ ಊರುಗಳ ನಡುವೆ ಹೆದ್ದಾರಿಯ ಮೇಲಿರುವ ಕಿತ್ತೂರಿನವರು ಇಬ್ಬರ ಶಾಲೆಗಳನ್ನೂ ಬಲ್ಲರು. ಧಾರವಾಡಕ್ಕೆ ಬರುವವರನ್ನು ಸಿದ್ಧಪಡಿಸುತ್ತಿದ್ದ ಮಿಷನ್ ಮನೆಯು ಬಾಸೆಲಿನ ಹಳೆಯ ಸ್ಪಾಲೆನ್ ಹೆಬ್ಬಾಗಿಲಿನ ಹೊರಗೆ, ಮಿಷನ್ ಬೀದಿಯ 21ನೆಯ ಅಂಕಿಯ ಕಟ್ಟಡ. ಇದು 1860ರಲ್ಲಿ ಸಿದ್ಧವಾಯಿತು. ಕಿಟ್ಟೆಲ್ ಸಾಹೇಬರು ಇದೇ ಕೋಣೆಗಳಲ್ಲಿ ಓದಿದರೆಂದು ಕೆಲವರು ತಿಳಿದಿರುವರು, ಅದು ಸರಿಯಲ್ಲ. ಅವರು 1853ರಲ್ಲಿಯೇ ಹಿಂದುಸ್ತಾನಕ್ಕೆ ಬಂದವರು. ಅವರು ಓದಿದ್ದು ಮಿಷನ್ನಿನ ಹಿಂದಿನ ಮನೆಯಲ್ಲಿ. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದ 1894ರ ಹೊತ್ತಿಗೆ ಈ ಹೊಸ ಮನೆಯು ಮೂವತ್ತು ವರ್ಷ ದಾಟಿತ್ತು.

ಅಂಥ ಮನೆಯ ಒಂದು ಭಾಗವು ಈಚೆಗೆ 'ಓಡೇಲ್ಯಾ' ಎಂಬ ಹೋಟೆಲಾಗಿ ನಡೆದುಬಂದಿದೆ. ಸುತ್ತಲೂ ಹಸುರಾದ ತೋಟವಿದೆ. ಬಾಡಿಗೆಯು ಪಟ್ಟಣದಲ್ಲಿ ಎಲ್ಲಕ್ಕೂ ಕಡಿಮೆಯದೆಂದು ನಾವು ಹೇಳಲಾರೆವು, ನಡುತರದ್ದು. ಬೆಳಗಿನ ಉಪಾಹಾರವು ಬಾಡಿಗೆಯಲ್ಲಿ ಸೇರಿರುವದೋ ಇಲ್ಲವೋ ಎಂಬದನ್ನು ಕೇಳಿಕೊಂಡೇ ಕಾಯ್ದಿರಿಸಬೇಕು. ಮೂರನೆಯ ಅಂಕಿಯ ಟ್ರಾಮು ಅಲ್ಲಿ ನಿಲ್ಲುವ ತಾಣಕ್ಕೆ 'ಯಾತ್ರಿಕರ ಬೀದಿ' ಎಂಬ ಅರ್ಥದ ಹೆಸರಿದೆ. ಅದೇ ಆವರಣದಲ್ಲಿ ಮಿಷನ್ನಿನ ಹಳೆಯ ಪತ್ರಗಳನ್ನೂ ಛಾಯಾಚಿತ್ರಗಳನ್ನೂ ಕಾಪಾಡಿ ಇಟ್ಟಿದ್ದಾರೆ. ಮೊದಲೇ ಬರೆದು ತಿಳಿಸಿದರೆ ನೋಡಬಹುದು. ಆದರೆ ಪತ್ರಗಳಲ್ಲಿ ಬಹುಪಾಲು ಹಳೆಯ ಜರ್ಮನ ಕೈಬರಹದಲ್ಲಿದ್ದು, ಇಂದಿನ ಜರ್ಮನರಿಗೂ ಓದಲು ತಡವರಿಸುವಂಥವು. ನಮ್ಮವರಿಗೆ ಛಾಯಾಚಿತ್ರಗಳೇ ಹೆಚ್ಚು ಮಾತಾಡುವವು.

ಇದಕ್ಕಿಂತಲೂ ಅಗ್ಗವಾಗಬೇಕಾದರೆ ಸೇಂಟ್ ಆಲ್ಬಾನ್ ಎಂಬ ಹಳೆಯ ಕೇರಿಯಲ್ಲಿ ಯುವಜನರ ವಸತಿಗೃಹವುಂಟು. ಹಿಂದೆ ರೇಶ್ಮೆಯ ಪಟ್ಟಿ ನೇಯುತ್ತಿದ್ದ ಕಾರಖಾನೆಯ ಕಟ್ಟಡವದು. ಹೆಸರು ಯುವಜನರದಾದರೂ ವಯಸ್ಸಿನ ಕಟ್ಟಿಲ್ಲ. ಅರುವತ್ತು ದಾಟಿದವರೂ ಇಳಿಯುವರು. ಸಾಲುಮಂಚದ ಕೋಣೆಯು ಬೇಡವಾದರೆ ಇಬ್ಬರ ಕೋಣೆಯೂ ದೊರೆಯುವದು. ಉಪಾಹಾರವು ಬಾಡಿಗೆಯಲ್ಲಿಯೇ ಸೇರಿದೆ.

ಮೂರನೆಯ ದಾರಿಯು ಗಡಿಯನ್ನು ದಾಟುವದು. ಬಾಸೆಲು ಮೂರು ರಾಜ್ಯಗಳ ಕೂಡುವೆಡೆಯಲ್ಲಿದೆ. ಎಂಟನೆಯ ಅಂಕಿಯ ಟ್ರಾಮು 2014ರಿಂದ ಜರ್ಮನಿಯ ವಾಯ್ಲ್ ಊರಿಗೂ, ಮೇಲೆ ಹೇಳಿದ ಮೂರನೆಯದು 2017ರಿಂದ ಫ್ರಾನ್ಸಿನ ಸೇಂಟ್ ಲೂಯಿ ಊರಿಗೂ ಹೋಗುತ್ತಿವೆ. ಅಲ್ಲಿ ಬಾಡಿಗೆಯೂ ದಿನಸಿಯೂ ಅಗ್ಗ. ಬಾಸೆಲಿನ ಗೃಹಿಣಿಯರೇ ಸಂತೆ ಮಾಡಲು ಚೀಲ ಹಿಡಿದು ಅಲ್ಲಿಗೆ ಹೋಗುವರು. ಆದರೆ ಬಾಸೆಲಿನಲ್ಲಿ ರಾತ್ರಿ ತಂಗಿದವರಿಗೆ ಹೋಟೆಲಿನವರು ಒಂದು ಅತಿಥಿ ಕಾರ್ಡನ್ನು ಕೊಡುತ್ತಾರೆ. ಅದರಿಂದ ಪಟ್ಟಣದ ಟ್ರಾಮು ಬಸ್ಸುಗಳು ಬಿಟ್ಟಿ, ವಸ್ತುಸಂಗ್ರಹಾಲಯಗಳಿಗೆ ಅರ್ಧ ದರ. ಗಡಿಯಾಚೆ ಮಲಗಿದವರಿಗೆ ಈ ಕಾರ್ಡು ಇಲ್ಲ. ದಿನಕ್ಕೆರಡು ಸಲ ಇಬ್ಬರು ಓಡಾಡುವ ಖರ್ಚನ್ನು ಕೂಡಿಸಿದರೆ ಗಡಿಯಾಚೆಯ ಉಳಿತಾಯವು ಸಾಕಷ್ಟು ಕರಗುವದು. ಈ ಲೆಕ್ಕವನ್ನು ಮಾಡದೆ ಬರಿಯ ಬಾಡಿಗೆಯನ್ನು ನೋಡಿ ಹಿಗ್ಗಬಾರದು.

ಊಟದ ವಿಷಯ. ಬೀದಿಯ ಕಾರಂಜಿಗಳ ನೀರು ಕುಡಿಯಲು ಯೋಗ್ಯ. 'ಕುಡಿಯಬಾರದು' ಎಂದು ಬರೆದಲ್ಲಿ ಮಾತ್ರ ಬಿಡಬೇಕು. ಕೋಣೆಯಲ್ಲಿ ಒಗ್ಗರಣೆ ಹಾಕುವ ಸಾಹಸ ಬೇಡ; ಹೊಗೆ ಕಂಡೊಡನೆ ಗಂಟೆ ಹೊಡೆದುಕೊಳ್ಳುವ ಯಂತ್ರವಿರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹೋದರೆ ಮಧ್ಯಾಹ್ನದ ಖರ್ಚು ಉಳಿಯಿತು. ಆದರೆ ನಮ್ಮ ದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರವಾಸಿಗಳು ಒಯ್ಯಕೂಡದೆಂದು ಅಲ್ಲಿಯ ಕಾಯದೆಯುಂಟು. ಆದ್ದರಿಂದ ಮಗಳಿಗೆಂದು ಕಟ್ಟಿದ ಧಾರವಾಡದ ಪೇಡೆಯನ್ನೂ ಮನೆಯ ತುಪ್ಪವನ್ನೂ, ಮನಸ್ಸು ಒಪ್ಪದಿದ್ದರೂ, ಮನೆಯಲ್ಲಿಯೇ ಬಿಡಬೇಕು.

ವೀಸಾ ಅರ್ಜಿಯಲ್ಲಿ ಎಲ್ಲಿ ಇಳಿಯುವಿರೆಂಬದಕ್ಕೆ ಆಧಾರವನ್ನು ತೋರಿಸಬೇಕಾಗುತ್ತದೆ. ಕನಿಷ್ಠ 30,000 ಯೂರೋಗಳ ಪ್ರವಾಸ ವಿಮೆಯೂ ಬೇಕು. ರದ್ದು ಮಾಡಿದರೆ ಹಣ ಕಳೆಯದಂಥ ಕರಾರಿನ ಮೇಲೆ ಕೋಣೆಯನ್ನು ಕಾಯ್ದಿರಿಸುವದು ಜಾಣತನ. ಸ್ವಿತ್ಝರ್ಲಂಡವು 2008ರಿಂದ ಶೆಂಗೆನ್ ಒಕ್ಕೂಟದಲ್ಲಿರುವದರಿಂದ ಒಂದೇ ವೀಸಾದಲ್ಲಿ ಮೂರೂ ದೇಶಗಳಲ್ಲಿ ತಿರುಗಬಹುದು. ಆದರೆ ಹೆಚ್ಚು ದಿನ ಇರತಕ್ಕ ದೇಶಕ್ಕೇ ಅರ್ಜಿ ಸಲ್ಲಿಸಬೇಕು. ಸೇಂಟ್ ಲೂಯಿಯಲ್ಲಿ ಮಲಗುವವರು ಇದನ್ನು ಮರೆಯಬಾರದು.

ಬೈಲಹೊಂಗಲದ ಆ ತಾಯಿಯವರ ಸಂಗಡ ಕುಳಿತು ನಾವು ಲೆಕ್ಕ ಹಾಕಿದೆವು: ಯುವಜನರ ವಸತಿಗೃಹದಲ್ಲಿ ಆರು ರಾತ್ರಿ, ಕೊನೆಗೆ ಮಿಷನ್ ಮನೆಯಲ್ಲಿ ಎರಡು ರಾತ್ರಿ, ತಿಂಗಳು ಸಪ್ಟೆಂಬರ. ಅವರು ಆ ಕಾಗದವನ್ನು ಮಡಿಚಿಕೊಂಡು ಹೋಗಿದ್ದಾರೆ. ಅವರ ಯಜಮಾನರು ಇನ್ನೂ ಒಪ್ಪಿಲ್ಲ.