ಮೂತ್ರಾಶಯದ ಅಳತೆ: ಕೈಯಂತ್ರದ ಮಾತು ಎಷ್ಟು ನಿಜ?

1963ರಲ್ಲಿ ಸ್ಥಾಪಿತವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯವೂ, ಸರ್ಕಾರದ ಜಿಮ್ಸ್ ಆಸ್ಪತ್ರೆಯೂ, ಇ.ಎಸ್.ಐ. ವೈದ್ಯಕೀಯ ಕಾಲೇಜೂ ಒಂದೇ ಸೇಡಂ ರಸ್ತೆಯನ್ನು ಹಿಡಿದು ನಿಂತಿರುವುದರಿಂದ, ಚಿತ್ತಾಪುರದಿಂದಲೋ ಕಮಲಾಪುರದಿಂದಲೋ ದೊಡ್ಡ ದವಾಖಾನೆಗೆಂದು ಕಲಬುರಗಿಗೆ ಹೊರಟ ಮುದುಕನ ಪ್ರಯಾಣವು ಅನೇಕವೇಳೆ ಈ ರಸ್ತೆಯಲ್ಲಿಯೇ ಮುಗಿಯುತ್ತದೆ. ಹರ್ನಿಯಾದ ಶಸ್ತ್ರಚಿಕಿತ್ಸೆಯಾಗಿ, ಬೆನ್ನಿಗೆ ಕೊಟ್ಟ ಅರಿವಳಿಕೆಯೂ ಇಳಿದು, ಸಂಜೆಯಾದರೂ ಮೂತ್ರವಾಗದಿದ್ದಾಗ, ‘ಸಿಸ್ಟರ್, ಉಚ್ಚಿ ಕಟ್ಟ್ಯಾದೇನ್ರಿ?’ ಎಂದು ಮನೆಯವರು ಕೇಳುವ ಪ್ರಶ್ನೆ ಸರಳವಾದುದು. ಉತ್ತರ ಮಾತ್ರ ಬಹುಕಾಲ ಸರಳವಾಗಿರಲಿಲ್ಲ.

ಪ್ರಾಪ್ತವಯಸ್ಕರ ಮೂತ್ರಾಶಯವು ಸಾಮಾನ್ಯವಾಗಿ 400ರಿಂದ 500 ಮಿಲಿಲೀಟರಿನಷ್ಟನ್ನು ಧರಿಸಬಲ್ಲುದು. ಅದನ್ನು ಮೀರಿ ಬಹುಹೊತ್ತು ಹಿಗ್ಗಿದ ಸ್ನಾಯು ತನ್ನ ಸಂಕೋಚನಶಕ್ತಿಯನ್ನು ಕಳೆದುಕೊಳ್ಳುವುದುಂಟು. ಅರಿವಳಿಕೆಯ ಮಂಪರು ಪೂರ್ತಿ ಹರಿಯದವನಿಗೆ ಒಳಗೆ ತುಂಬಿದ ಸಂಗತಿಯೇ ತಿಳಿಯದು. ಕಿಬ್ಬೊಟ್ಟೆಯನ್ನು ಒತ್ತಿ, ಬೆರಳಿನಿಂದ ತಟ್ಟಿ ಅರಿಯುವ ಹಳೆಯ ಪರೀಕ್ಷೆ ಸ್ಥೂಲಕಾಯರಲ್ಲಿ ಕೈಕೊಡುತ್ತದೆ. ನಿಶ್ಚಯವಾಗಿ ತಿಳಿಯಬೇಕೆಂದರೆ ಕ್ಯಾಥೆಟರ್ ಹಾಕಿ ಬಸಿದು ಅಳೆಯಬೇಕು. ಆದರೆ ಬರಿಯ ಸಂದೇಹನಿವೃತ್ತಿಗಾಗಿ ನಳಿಗೆ ತೂರಿಸುವುದು ನೋವಿನ, ಸಂಕೋಚದ, ಸೋಂಕಿನ ದಾರಿ. ಒಳಗೇ ಉಳಿಸಿದ ನಳಿಗೆಯಿಂದ ಸೋಂಕು ತಗಲುವ ಸಂಭವವು ದಿನವೊಂದಕ್ಕೆ ಶೇಕಡ 3ರಿಂದ 7ರಷ್ಟೆಂದು ವೈದ್ಯರು ಗಣಿಸುತ್ತಾರೆ. ಕೈಯಲ್ಲಿ ಹಿಡಿದು ಹಾಸಿಗೆಯ ಪಕ್ಕಕ್ಕೇ ಒಯ್ಯಬಹುದಾದ ಅಲ್ಟ್ರಾಸೌಂಡ್ ಯಂತ್ರಕ್ಕೆ ಬೆಲೆ ಬಂದದ್ದು ಈ ಕಾರಣದಿಂದ. (ನಮ್ಮ ದೇಶದಲ್ಲಿ ಅದರ ಸಂಚಾರಕ್ಕೂ ಒಂದು ಮೇರೆಯುಂಟು: ಭ್ರೂಣಲಿಂಗಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆಯ ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಒಯ್ಯಬಲ್ಲ ಅಲ್ಟ್ರಾಸೌಂಡ್ ಯಂತ್ರವು ನೋಂದಾಯಿತ ಆಸ್ಪತ್ರೆಯ ಆವರಣದ ಒಳರೋಗಿಗಳಿಗೆ, ಇಲ್ಲವೆ ಸಂಚಾರಿ ವೈದ್ಯಕೀಯ ಘಟಕದ ಅಂಗವಾಗಿ ಮಾತ್ರ ಬಳಕೆಯಾಗತಕ್ಕದ್ದು.)

ಈ ಯಂತ್ರವು ಮೂತ್ರವನ್ನು ಅಳೆಯುವುದಿಲ್ಲ ಎಂಬುದನ್ನು ಮೊದಲು ಗ್ರಹಿಸಬೇಕು. ದೇಹದ ಮೃದುಧಾತುಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಹಿಡಿದು, ಮೂತ್ರಾಶಯದ ಗೋಡೆಗೆ ತಗುಲಿ ಮರಳಿದ ಪ್ರತಿಧ್ವನಿಯ ಕಾಲದಿಂದ ಅದು ದೂರವನ್ನು ನಿರ್ಣಯಿಸುತ್ತದೆ. ಉದ್ದ, ಅಗಲ, ಆಳಗಳನ್ನು ಗುಣಿಸಿ, ಬಂದ ಲಬ್ಧವನ್ನು ಮತ್ತೆ 0.52ರಿಂದ ಗುಣಿಸುವುದು ರೂಢಿಯ ಸೂತ್ರ. ಮೂತ್ರಾಶಯವು ಕರಬೂಜದ ಹಣ್ಣಿನಂತೆ ನಯವಾದ ದೀರ್ಘಗೋಳವೆಂಬ ಊಹೆ ಆ 0.52ರಲ್ಲಿ ಅಡಗಿದೆ. ಆದರೆ ಅರ್ಧ ತುಂಬಿದ ಮೂತ್ರಾಶಯ ಒಬ್ಬರಲ್ಲಿ ಚಪ್ಪಟೆ, ಇನ್ನೊಬ್ಬರಲ್ಲಿ ತ್ರಿಕೋನ, ಮತ್ತೊಬ್ಬರಲ್ಲಿ ಬಹುಪಾಲು ಚೌಕ. ಆದುದರಿಂದ ಆಕಾರಕ್ಕೆ ತಕ್ಕಂತೆ ಹೆಚ್ಚಿನ ಗುಣಕಗಳನ್ನು ಸೂಚಿಸಿದ ಸಂಶೋಧಕರೂ ಇದ್ದಾರೆ. 10, 8, 7 ಸೆಂಟಿಮೀಟರುಗಳ ಅಳತೆಗೆ 0.52 ಹಿಡಿದರೆ 291 ಮಿಲಿಲೀಟರ್, 0.7 ಹಿಡಿದರೆ 392. ರೋಗಿ ಒಬ್ಬನೇ, ಮೂತ್ರವೂ ಅಷ್ಟೇ! ಮೂರು ಅಳತೆಗಳಲ್ಲಿಯೂ ಶೇಕಡ ಹತ್ತರಷ್ಟು ಹೆಚ್ಚು ಹಿಡಿದರೆ ಗಾತ್ರದಲ್ಲಿ ಶೇಕಡ ಮೂವತ್ತಮೂರರಷ್ಟು ಉಬ್ಬುತ್ತದೆ. ಅನೇಕ ಕೋನಗಳಿಂದ ಸೀಳುಚಿತ್ರಗಳನ್ನು ತೆಗೆದು ತಾವೇ ಲೆಕ್ಕಹಾಕುವ ವಿಶೇಷಯಂತ್ರಗಳಲ್ಲಿ ಈ ದೋಷ ಕಡಿಮೆಯಾದರೂ ಸಂಪೂರ್ಣವಾಗಿ ಅಳಿದಿಲ್ಲ.

ಯಂತ್ರಕ್ಕೆ ಕಾಣುವುದು ದ್ರವ. ಆ ದ್ರವ ಯಾರದು ಎಂಬ ವಿವೇಚನೆ ಅದಕ್ಕಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದ ಯಕೃತ್ತಿನ ರೋಗಿಯಲ್ಲಿ, ಅಂಡಾಶಯದ ನೀರ್ಗುಳ್ಳೆಯಲ್ಲಿ, ಹೆರಿಗೆಯ ಅನಂತರ ಇನ್ನೂ ಕುಗ್ಗದ ಗರ್ಭಕೋಶದಲ್ಲಿ ಅದು ಇಲ್ಲದ ಮೂತ್ರವನ್ನು ಕಂಡೀತು. ದಪ್ಪ ಕೊಬ್ಬು, ಕರುಳಿನ ವಾಯು, ಹಳೆಯ ಶಸ್ತ್ರಚಿಕಿತ್ಸೆಯ ಗಾಯದ ಕಲೆ ಇವುಗಳ ಹಿಂದೆ ಇದ್ದುದನ್ನು ಕಾಣದೆಯೂ ಹೋದೀತು. ಅದನ್ನು ಒರೆಗೆ ಹಚ್ಚುವ ಕ್ಯಾಥೆಟರಾದರೂ ನಿರ್ದೋಷಿಯೇ? ತುದಿ ಸರಿಯಾದ ಸ್ಥಳದಲ್ಲಿ ಕೂರದಿದ್ದರೆ ಕೊಂಚ ಮೂತ್ರ ಒಳಗೇ ಉಳಿಯುತ್ತದೆ. ಇದರ ಮೇಲೆ ಮೂತ್ರಪಿಂಡಗಳು ಕಾಯುತ್ತ ಕೂರುವುದಿಲ್ಲ: ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು ಒಂದು ಮಿಲಿಲೀಟರ್, ಆದರೆ ನಲವತ್ತು ಡಿಗ್ರಿ ಮೀರಿದ ಕಲಬುರಗಿಯ ಬೇಸಗೆಯಲ್ಲಾಗಲಿ ಬೇರೆ ಕಾಲದಲ್ಲಾಗಲಿ ಒಮ್ಮೆಗೇ ಬೇಕಾದುದಕ್ಕಿಂತ ಹೆಚ್ಚು ನೀರು ಕುಡಿದವನಲ್ಲಿ ಹತ್ತರವರೆಗೂ ಏರಬಹುದು. ಸ್ಕ್ಯಾನಿಗೂ ನಳಿಗೆಗೂ ನಡುವೆ ಇಪ್ಪತ್ತು ನಿಮಿಷ ಕಳೆದರೆ, ಆಗ ಕಂಡ ಅಂತರಕ್ಕೆಲ್ಲ ಯಂತ್ರವನ್ನೇ ದೂರುವುದು ನ್ಯಾಯವಲ್ಲ.

ಇಷ್ಟಾದ ಮೇಲೆ ಯಂತ್ರ ನಂಬಲರ್ಹವೇ ಎಂದು ಕೇಳುವವರಿಗೆ, ಯಾವ ಕೆಲಸಕ್ಕೆ ಎಂದು ನಾನು ಮರುಪ್ರಶ್ನೆ ಹಾಕುವೆನು. ಯಂತ್ರ 650 ಎಂದಿತು. ಶೇಕಡ ಇಪ್ಪತ್ತು ಕಳೆದರೂ 520 ಉಳಿಯಿತು: ನಳಿಗೆ ಬೇಕೇ ಬೇಕು. ಮೂತ್ರ ಮಾಡಿ ಬಂದ ಮೇಲೆ 40 ಎಂದಿತು. ಅದು 60 ಆಗಿದ್ದರೂ ಚಿಂತೆಯಿಲ್ಲ. ವಾದಕ್ಕೆ ಎಡೆಯಿರುವುದು ನಡುವಣ ಕ್ಷೇತ್ರದಲ್ಲಿ ಮಾತ್ರ. ಮೂತ್ರ ಮಾಡಿದ ಮೇಲೂ 300 ಮಿಲಿಲೀಟರ್ ಮೀರಿ ಉಳಿಯುವ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೆ ಅದನ್ನು ದೀರ್ಘಕಾಲಿಕ ಮೂತ್ರಬಂಧವೆಂದು ಹೆಸರಿಸುವ ಪದ್ಧತಿಯುಂಟು. ಪ್ರಾಸ್ಟೇಟ್ ಬೆಳೆದ ವೃದ್ಧರಲ್ಲಿ 260, 340 ಎಂಬಂತಹ ಅಂಕಿಗಳು ಬಂದಾಗ ಒಂದೇ ಸ್ಕ್ಯಾನನ್ನು ನೆಚ್ಚಿ ತೀರ್ಪು ಕೊಡುವುದು ಅವಸರವೆಂದೇ ನನ್ನ ಎಣಿಕೆ. ರೋಗಿಯನ್ನು ಅಂಗಾತ ಮಲಗಿಸಿ, ಜೆಲ್ ಹಚ್ಚಿ, ಜಘನಾಸ್ಥಿಗೆ ತುಸು ಮೇಲೆ ಪ್ರೋಬನ್ನಿರಿಸಿ, ಅದನ್ನು ಕೆಳಮುಖವಾಗಿ ಬಾಗಿಸಿ, ಎರಡು ಮೂರು ಬಾರಿ ನೋಡಿ, ಅಂಕಿಯ ಪಕ್ಕದಲ್ಲಿ ವೇಳೆಯನ್ನೂ, ಆತ ಕೊನೆಯ ಬಾರಿ ಮೂತ್ರ ಮಾಡಿದುದು ಯಾವಾಗ, ಎಷ್ಟು ಎಂಬುದನ್ನೂ ಬರೆದಿಡುವ ದಾದಿಯ ಕೈಯಲ್ಲಿ ಸಾಧಾರಣ ಯಂತ್ರವೂ ಸಾಕಷ್ಟು ಸತ್ಯವನ್ನು ನುಡಿಯುತ್ತದೆ.