ಅಡುಗೆಮನೆಯ ‘ಏಕೆ’ಗಳು: ದೊಡ್ಡಗದ್ದವಳ್ಳಿಯ ಅಭ್ಯಾಸ ಬೋಧನೆಯಲ್ಲಿ ಕಲಿತದ್ದು

ಹಾಸನದಿಂದ ಬೇಲೂರು ರಸ್ತೆಯಲ್ಲಿ ಹದಿನೈದು ಹದಿನಾರು ಕಿಲೋಮೀಟರ್ ಸಾಗಿ ಒಳಗೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ, ಹೊಯ್ಸಳರ ಕಾಲದಲ್ಲಿ, ಕೆರೆಯ ಪಕ್ಕದಲ್ಲಿ ಕಟ್ಟಿದ ಲಕ್ಷ್ಮೀದೇವಿ ದೇವಾಲಯದಿಂದ ಈ ಊರು ಪ್ರಸಿದ್ಧ. ಅಭ್ಯಾಸ ಬೋಧನೆಗೆ ನಮ್ಮ ತಂಡವನ್ನು ಆ ಭಾಗದ ಶಾಲೆಯೊಂದಕ್ಕೆ ಹಾಕಿದಾಗ ಸಮಾಜ ವಿಜ್ಞಾನದ ಗೆಳತಿಯರಿಗೆ ಸಂತೋಷವಾಯಿತು. ಅವರಿಗೆ ದೇವಾಲಯವೇ ಬೋಧನೋಪಕರಣ. ವಿಜ್ಞಾನ ವಿಷಯದ ನನಗೆ ಅಲ್ಲಿ ಏನೂ ಸಿಗಲಾರದು ಎಂದುಕೊಂಡು ಕಾಲೇಜಿನಿಂದಲೇ ಚಾರ್ಟು, ಉಷ್ಣತಾಮಾಪಕ, ಬೀಕರು ಎಲ್ಲವನ್ನೂ ಕಟ್ಟಿಕೊಂಡು ಹೋದೆ. ನನ್ನ ಪಾಠಕ್ಕೆ ಬೇಕಾದ ಉಪಕರಣ ಪ್ರತಿ ಮಗುವಿನ ಮನೆಯ ಒಲೆಯ ಮೇಲೆ ಇತ್ತು ಎಂದು ತಿಳಿಯಲು ಮೂರು ದಿನ ಬೇಕಾಯಿತು.

ಪಾಠ 6ನೇ ತರಗತಿಯ ‘ಆಹಾರದ ಘಟಕಗಳು’. ಪೋಷಕಾಂಶ ನಷ್ಟವಾಗದಂತೆ ಅಡುಗೆ ಮಾಡುವುದು ಹೇಗೆ ಎಂಬುದು ಅಂದಿನ ಕಲಿಕಾಂಶ. ಪಾಠ ಯೋಜನೆಯಲ್ಲಿ ನಾನು ಎಂಟು ಸಲಹೆ ಬರೆದುಕೊಂಡಿದ್ದೆ. ಸೊಪ್ಪನ್ನು ಹೆಚ್ಚುವ ಮೊದಲು ತೊಳೆಯಿರಿ, ಬೇಯಿಸಿದ ನೀರು ಚೆಲ್ಲಬೇಡಿ, ಪಾತ್ರೆಗೆ ಮುಚ್ಚಳ ಮುಚ್ಚಿ, ಹೀಗೆ. ಎಂಟೂ ಸರಿಯಾದ ಮಾತೇ. ಆದರೆ ಎಂಟೂ ಆಜ್ಞೆಗಳು. ಒಂದರಲ್ಲೂ ‘ಏಕೆ’ ಇರಲಿಲ್ಲ.

ಬಸ್ಸಾರು ಹೇಳಿದ ಉತ್ತರ

“ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬಾರದು” ಎಂದು ಹೇಳಿ ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಕೇಳಿದಾಗ ಒಬ್ಬ ಹುಡುಗ ಎದ್ದು, “ಯಾರು ಮಿಸ್ ಚೆಲ್ತಾರೆ? ಅದೇ ತಾನೇ ಸಾರು?” ಎಂದ.

ಅವನು ಹೇಳಿದ್ದು ಬಸ್ಸಾರನ್ನು. ಹಾಸನ, ಮಂಡ್ಯ ಸೀಮೆಯ ಮನೆಗಳಲ್ಲಿ ಸೊಪ್ಪನ್ನು ತೊಗರಿಬೇಳೆ, ಅಲಸಂದೆ ಅಥವಾ ಹುರುಳಿಯ ಜೊತೆ ಬೇಯಿಸಿ ನೀರು ಬಸಿಯುತ್ತಾರೆ. ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದ ಕಟ್ಟಿಗೆ ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಬೀಜ, ತೆಂಗಿನಕಾಯಿ ಮತ್ತು ಒಂದು ಹಿಡಿ ಬೆಂದ ಕಾಳನ್ನು ರುಬ್ಬಿ ಸೇರಿಸಿ, ಹುಣಸೆಹುಳಿ ಹಾಕಿ ಕುದಿಸಿದರೆ ಸಾರು. ‘ಬಿ’ ಗುಂಪಿನ ಜೀವಸತ್ವಗಳು, ‘ಸಿ’ ಜೀವಸತ್ವ ಮತ್ತು ಪೊಟ್ಯಾಸಿಯಂನಂಥ ಖನಿಜಗಳು ನೀರಿನಲ್ಲಿ ಕರಗುತ್ತವೆ. ಬೇಯುವಾಗ ಅವು ಸೊಪ್ಪಿನಿಂದ ನೀರಿಗೆ ಇಳಿಯುತ್ತವೆ. ‘ಸಿ’ಯ ಒಂದಷ್ಟು ಪಾಲು ಬಿಸಿಗೆ ಹಾಳಾಗುತ್ತದೆ, ಉಳಿದದ್ದು ಕಟ್ಟಿನಲ್ಲಿರುತ್ತದೆ. ಪಠ್ಯದ ವಾಕ್ಯ ಹೇಳುವುದನ್ನೇ ಬಸ್ಸಾರು ಮಾಡಿ ತೋರಿಸುತ್ತದೆ.

ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಬೇಕಾದ ಕಾರಣವೂ ಇದೇ. ಹೆಚ್ಚಿದ ಅಂಚುಗಳಿಂದ ಕರಗುವ ಅಂಶ ತೊಳೆಯುವ ನೀರಿನಲ್ಲೇ ಹೋಗುತ್ತದೆ, ಆ ನೀರು ಸಾರಿಗೆ ಬರುವುದಿಲ್ಲ. ಈ ಒಂದು ಕಾರಣ ಗೊತ್ತಾದರೆ ನನ್ನ ಎಂಟು ಸಲಹೆಗಳಲ್ಲಿ ಮೂರನ್ನು ಮಕ್ಕಳೇ ಹೇಳುತ್ತಾರೆ. ನಾನು ಅಂದು ಹಾಗೆ ಮಾಡಲಿಲ್ಲ. “ಸರಿ, ಕೂತ್ಕೋ” ಎಂದು ಮುಂದಿನ ಸಲಹೆಗೆ ಹೋದೆ.

ಅಳಿಸಿಸಿದ ಅಂಕಿ

ಮರುದಿನ ಚಟುವಟಿಕೆ ಇತ್ತು. ನೀರು ಕಾಯಿಸಿ, ಅದು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದನ್ನು ತೋರಿಸಿ, ನಂತರ ಹಿಟ್ಟು ಬೇಯುವುದನ್ನು ವಿವರಿಸುವುದು ನನ್ನ ಯೋಜನೆ. ನೀರು ಕುದಿಯಿತು. ಉಷ್ಣತಾಮಾಪಕ ಓದಲು ಮುಂದಿನ ಸಾಲಿನ ಒಬ್ಬ ಹುಡುಗಿಯನ್ನು ಕರೆದೆ. ಅವಳು ಬಗ್ಗಿ ನೋಡಿ, “97 ಮಿಸ್” ಎಂದಳು. ಇನ್ನೊಮ್ಮೆ ನೋಡು ಎಂದೆ. ಉರಿ ಹೆಚ್ಚಿಸಿದೆ. ನೀರು ಉಕ್ಕಿತೇ ಹೊರತು ಪಾದರಸ ಮೇಲೇರಲಿಲ್ಲ. “97ಕ್ಕೇ ನಿಂತಿದೆ” ಎಂದಳು.

ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿದ್ದರು. ನಾನು, “ಮಾಪಕ ಸರಿಯಿಲ್ಲ. ನೀರು ಕುದಿಯೋದು 100ಕ್ಕೆ. ಎಲ್ಲರೂ 100 ಅಂತ ಬರೆದುಕೊಳ್ಳಿ” ಎಂದೆ. ಆ ಹುಡುಗಿ ತನ್ನ ಪುಸ್ತಕದಲ್ಲಿ ಬರೆದಿದ್ದ 97ನ್ನು ರಬ್ಬರಿನಿಂದ ಅಳಿಸಿ 100 ಬರೆದಳು.

ಅಂದು ಸಂಜೆ ಇನ್ನೆರಡು ಮಾಪಕಗಳಲ್ಲಿ ನೋಡಿದೆ. ಒಂದರಲ್ಲಿ 97, ಇನ್ನೊಂದರಲ್ಲಿ 97ಕ್ಕೆ ಕೂದಲೆಳೆ ಕಡಿಮೆ. ಆಗ ನೆನಪಾಯಿತು. ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದ ವಾಯುಭಾರದಲ್ಲಿ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ವಾಯುಭಾರ ಕಡಿಮೆಯಾಗುತ್ತದೆ. ಆವಿಗುಳ್ಳೆಗಳು ಕಡಿಮೆ ಬಿಸಿಯಲ್ಲೇ ಮೇಲೇಳುತ್ತವೆ. ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಈ ಊರಿನ ನೀರು ಕುದಿಯಬೇಕಾದದ್ದೇ 97ಕ್ಕೆ. ನಾನು ಬಿ.ಎಸ್ಸಿ.ಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದ ವಿಷಯ ಇದು. ವೀಕ್ಷಕರ ಮುಂದೆ ಪಾಠ ಕೆಡಬಾರದೆಂಬ ಆತುರದಲ್ಲಿ ಒಂದು ಮಗು ಕಣ್ಣಾರೆ ಕಂಡದ್ದನ್ನು ಅದರ ಕೈಯಿಂದಲೇ ಅಳಿಸಿಸಿದ್ದೆ.

ಮೂರನೆಯ ದಿನ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ. “ನಿನ್ನೆ ತಪ್ಪಾಗಿದ್ದು ಮಾಪಕದ್ದಲ್ಲ, ನನ್ನದು” ಎಂದು ಹೇಳಿ, ಮೂರು ಮಾಪಕಗಳನ್ನೂ ಮಕ್ಕಳ ಕೈಯಿಂದಲೇ ಓದಿಸಿದೆ. ತರಗತಿ ನಾನು ಹೆದರಿದಂತೆ ಗದ್ದಲ ಮಾಡಲಿಲ್ಲ. ಬದಲಿಗೆ ಪ್ರಶ್ನೆ ಬಂತು: “ಉರಿ ಜಾಸ್ತಿ ಮಾಡಿದ್ರೂ 97 ಯಾಕೆ ಮಿಸ್?” ಕುದಿ ಬಂದ ಮೇಲೆ ಕೊಟ್ಟ ಶಾಖವೆಲ್ಲ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ, ಬಿಸಿ ಏರುವುದಿಲ್ಲ. ಆದ್ದರಿಂದ ಕುದಿ ಬಂದ ಮೇಲೆ ಉರಿ ತಗ್ಗಿಸಿದರೂ ಬೇಳೆ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ. ಸೌದೆಯೋ ಗ್ಯಾಸೋ ಉಳಿಯುತ್ತದೆ. ಮುಚ್ಚಳ ಮುಚ್ಚಿದರೆ ಇನ್ನೂ ಉಳಿತಾಯ. ಕುಕ್ಕರಿನಲ್ಲಿ ಆವಿಯನ್ನು ಹಿಡಿದಿಟ್ಟು ಒತ್ತಡ ಹೆಚ್ಚಿಸುವುದರಿಂದ ನೀರು ಸುಮಾರು 120 ಡಿಗ್ರಿವರೆಗೆ ಬಿಸಿಯಾಗುತ್ತದೆ. ಎತ್ತರದ ಊರಿನವರಿಗೆ ಕುಕ್ಕರಿನ ಉಪಯೋಗ ಒಂದಿಷ್ಟು ಹೆಚ್ಚೇ.

ಮುದ್ದೆಯಲ್ಲಿ ಗಂಟೇಕೆ?

ಆ ದಿನದ ಉಳಿದ ಅವಧಿಯನ್ನು ಮಕ್ಕಳಿಗೇ ಬಿಟ್ಟೆ. “ಹಿಟ್ಟು ತೊಳಸೋದು ಹೇಗೆ?” ಎಂದು ಕೇಳಿದೆ. ಈ ಕಡೆ ‘ಹಿಟ್ಟು’ ಎಂದರೆ ಮುದ್ದೆಯೇ. ಹೆಚ್ಚು ಮಾತಾಡದ ಆ 97ರ ಹುಡುಗಿಯೇ ಎದ್ದಳು. ತಾಯಿ ಕೂಲಿಗೆ ಬೇಗ ಹೋಗುವ ದಿನ ಮನೆಯಲ್ಲಿ ಮುದ್ದೆ ಅವಳದ್ದೇ ಎಂದು ಆಗ ತಿಳಿಯಿತು. ವಾರದ ಹಿಂದೆ ತಡವಾಗಿ ಬಂದಳೆಂದು ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ್ದೂ ನೆನಪಾಯಿತು.

ಅವಳು ಹೇಳಿದ ಕ್ರಮ ಇದು. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು ಎಸರಿಡಬೇಕು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಟ್ಟು ಗಂಜಿಯಾಗಿಸಬೇಕು. ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ಕೂಡಲೇ ಕಲಕಬಾರದು. ಕೋಲಿನಿಂದ ಗುಡ್ಡೆಯ ನಡುವೆ ತೂತು ಮಾಡಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೇಯಲು ಬಿಡಬೇಕು. ಆಮೇಲೆ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ತೊಳಸಬೇಕು. ಕೊನೆಗೆ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಬೇಕು.

ಇದರ ಪ್ರತಿ ಹೆಜ್ಜೆಗೂ ಕಾರಣವಿದೆ. ಅದನ್ನು ತೋರಿಸಲು ಬಿಸಿನೀರಿನ ಬೀಕರಿಗೆ ಒಂದು ಚಮಚ ಒಣ ರಾಗಿಹಿಟ್ಟು ಸುರಿದು ಕಲಕಿದೆ. ಗಂಟುಗಳಾದವು. ಒಂದನ್ನು ತೆಗೆದು ಚಮಚದಿಂದ ಒಡೆದಾಗ ಒಳಗೆ ಹಿಟ್ಟು ಒಣಗಿಯೇ ಇತ್ತು. ಹಿಟ್ಟಿನಲ್ಲಿರುವ ಪಿಷ್ಟ 60–70 ಡಿಗ್ರಿಯ ಆಸುಪಾಸಿನಲ್ಲಿ ನೀರು ಹೀರಿ ಊದಿಕೊಂಡು ಅಂಟಾಗುತ್ತದೆ. ಒಣ ಹಿಟ್ಟು ಕುದಿನೀರಿಗೆ ಬಿದ್ದಾಗ ಹೊರಪದರ ಕೂಡಲೇ ಅಂಟಾಗಿ, ಒಳಗಿನ ಹಿಟ್ಟಿಗೆ ನೀರು ಹೋಗದಂತೆ ಗೋಡೆ ಕಟ್ಟುತ್ತದೆ. ಅದೇ ಗಂಟು. ತಣ್ಣೀರಿನಲ್ಲಿ ಕದಡಿದರೆ ಪಿಷ್ಟ ಊದುವ ಮೊದಲೇ ಕಣಕಣವೂ ಬೇರೆಯಾಗಿರುತ್ತದೆ, ಆದ್ದರಿಂದ ಗಂಟಿಲ್ಲ. ಗುಡ್ಡೆಯನ್ನು ಕಲಕದೆ ಬಿಟ್ಟರೆ ಕೆಳಗಿನಿಂದ ನೀರೂ ಆವಿಯೂ ನಿಧಾನವಾಗಿ ಏರುತ್ತವೆ. ತೂತು ಆವಿಗೆ ದಾರಿ. ಗೋಧಿಯಲ್ಲಿರುವಂತೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ರಾಗಿಯಲ್ಲಿಲ್ಲ. ಮುದ್ದೆಯನ್ನು ಒಟ್ಟಾಗಿ ಹಿಡಿಯುವುದು ಬೆಂದ ಪಿಷ್ಟದ ಅಂಟು. ರಾಗಿರೊಟ್ಟಿಗೆ ಬಿಸಿನೀರು ಹಾಕಿ ಕಲಸುವುದೂ ಇದಕ್ಕೇ.

“ಮೊಳಕೆ ರಾಗಿ ಹಿಟ್ಟಲ್ಲಿ ಮುದ್ದೆ ಸರಿ ಬರಲ್ಲ ಯಾಕೆ?” ಎಂದು ಮತ್ತೊಬ್ಬಳು ಕೇಳಿದಳು. ಮೊಳೆಯುವಾಗ ಧಾನ್ಯದಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಕತ್ತರಿಸುತ್ತದೆ. ಅಂಟು ಕಡಿಮೆಯಾಗುವುದರಿಂದ ಮುದ್ದೆ ಬಿಗಿಯಾಗಿ ನಿಲ್ಲುವುದಿಲ್ಲ. ಆದರೆ ಅದೇ ಕಾರಣಕ್ಕೆ ಗಂಜಿ ತೆಳುವಾಗಿ, ಎಳೆಮಗುವಿಗೆ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಉಣಿಸಬಹುದು. ಮೊಳಕೆಯಿಂದ ಕಬ್ಬಿಣ, ಸುಣ್ಣದಂಶಗಳನ್ನು ಹಿಡಿದಿಡುವ ಫೈಟೇಟ್ ಕೂಡ ತಗ್ಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಕನ್ನಡ ವಿಷಯದ ಪ್ರಶಿಕ್ಷಣಾರ್ಥಿಗಳು ರಾಗಿ ಮತ್ತು ಅಕ್ಕಿಯ ವಾದವೇ ವಸ್ತುವಾಗಿರುವ ಕನಕದಾಸರ ‘ರಾಮಧಾನ್ಯ ಚರಿತೆ’ಯೊಂದಿಗೆ ಇದನ್ನು ಸಹಸಂಬಂಧಗೊಳಿಸಬಹುದು.

ಸಲಹೆಯಿಂದ ಪ್ರಶ್ನೆಗೆ

ನನ್ನ ಪಾಠ ಯೋಜನೆಯನ್ನು ಆಮೇಲೆ ತಿದ್ದಿ ಬರೆದೆ. ಎಂಟು ಆಜ್ಞೆಗಳ ಜಾಗದಲ್ಲಿ ಪ್ರಶ್ನೆಗಳು ಬಂದವು. ಕೆಲವು ಇಲ್ಲಿವೆ:

1. ಬೇಳೆ ಬೆಂದ ಮೇಲೆಯೇ ಹುಣಸೆಹುಳಿ ಏಕೆ ಹಾಕುತ್ತಾರೆ? (ಹುಳಿಯಲ್ಲಿ ಬೇಳೆಯ ಕೋಶಗಳ ಗೋಡೆ ಬೇಗ ಮೆತ್ತಗಾಗುವುದಿಲ್ಲ. ಆಲೂಗಡ್ಡೆಗೂ ಇದೇ ಮಾತು.)

2. ಸೊಪ್ಪಿನ ಪಲ್ಯಕ್ಕೆ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಏಕೆ ಹಿಂಡಬೇಕು? (‘ಸಿ’ ಜೀವಸತ್ವ ಉಳಿಯುತ್ತದೆ, ಅದು ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣ ಹೀರುವುದು ತಗ್ಗುತ್ತದೆ.)

3. ನಮ್ಮ ಜಿಲ್ಲೆಯಲ್ಲಿ ಬೆಳೆಯುವ ಆಲೂಗಡ್ಡೆಯನ್ನು ಬೆಳಕಿನಲ್ಲಿ ಏಕೆ ಇಡಬಾರದು? (ಹಸಿರಾದ ಕಡೆ ಸೋಲನಿನ್ ಎಂಬ ವಿಷಾಂಶ ಹೆಚ್ಚುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. ಆ ಭಾಗವನ್ನು ಆಳವಾಗಿ ಕೆತ್ತಿ ತೆಗೆಯಬೇಕು.)

ಕಂಸದಲ್ಲಿರುವುದು ಶಿಕ್ಷಕರಿಗೆ. ಮಕ್ಕಳು ಮೊದಲು ಮನೆಯಲ್ಲಿ ಕೇಳಿ, ನೋಡಿ ಬರಲಿ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ

ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ವ. ನಾವೆಲ್ಲ ಅದನ್ನು ಬಾಯಿಪಾಠ ಮಾಡಿದ್ದೇವೆ. ಪಾಠ ಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣವನ್ನು ಹಿಂದಿನ ತರಗತಿಯ ಪಠ್ಯ ನೋಡಿ ತುಂಬುತ್ತೇವೆ. ಮಗುವಿನ ಮನೆಯ ಕೆಲಸವೂ ಆ ಅಂಕಣಕ್ಕೆ ಸೇರಬೇಕು. ಅದಕ್ಕೆ ಪಾಠದ ಹಿಂದಿನ ದಿನ ಐದು ನಿಮಿಷ ಮಾತಾಡಿಸಿದರೆ ಸಾಕು.

ಮೂರು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಒಲೆ, ಕುದಿನೀರು ಶಿಕ್ಷಕರ ಕೈಯಲ್ಲೇ ಇರಲಿ. ಮಕ್ಕಳು ಅಳೆಯಲಿ, ನೋಡಲಿ, ಬರೆಯಲಿ. ಅಡುಗೆಯ ಪ್ರಶ್ನೆಗಳನ್ನು ಹುಡುಗಿಯರಿಗಷ್ಟೇ ಕೇಳಬೇಡಿ. ನನ್ನ ತರಗತಿಯಲ್ಲಿ ಬಸ್ಸಾರಿನ ಉತ್ತರ ಕೊಟ್ಟವನು ಹುಡುಗನೇ. ಮತ್ತು ಅಳತೆ ಪುಸ್ತಕದೊಂದಿಗೆ ಹೊಂದದಿದ್ದರೆ ಕಂಡದ್ದನ್ನೇ ಬರೆಸಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ. ವೀಕ್ಷಕರು ಅಂಕ ಕಡಿಮೆ ಕೊಡುತ್ತಾರೆಂಬ ಭಯ ಬೇಡ. ನನ್ನ ವೀಕ್ಷಕರು ಆ ಪಾಠದ ಹಾಳೆಯಲ್ಲಿ ಬರೆದ ಷರಾ ಒಂದೇ ಒಂದು: ಮಾಪಕವನ್ನು ಮತ್ತೊಮ್ಮೆ ಪರೀಕ್ಷಿಸಬಹುದಿತ್ತು.

ಮುಂದಿನ ಸಾಲಿನ ತಂಡಗಳಿಗೆ ಒಂದು ಕೆಲಸ ಸೂಚಿಸಬಹುದು. ತಮ್ಮ ತಮ್ಮ ಊರಿನಲ್ಲಿ ನೀರು ಕುದಿಯುವ ಬಿಸಿಯನ್ನು ಮಕ್ಕಳಿಂದ ಅಳೆಯಿಸಿ ಬರೆದುಕೊಳ್ಳಿ. ಮಂಗಳೂರಿನಲ್ಲಿ 100ರ ಹತ್ತಿರ, ಮಡಿಕೇರಿಯಲ್ಲಿ 96ರ ಹತ್ತಿರ ಬರಬೇಕು. ದೊಡ್ಡಗದ್ದವಳ್ಳಿಯ ಅಂಕಿ 97. ಆ ಹುಡುಗಿಯ ಪುಸ್ತಕದಲ್ಲಿ, ಅಳಿಸಿದ ಗುರುತಿನ ಮೇಲೆಯೇ, ಅದು ಈಗ ಶಾಯಿಯಲ್ಲಿದೆ.