ಕ್ಯಾಪ್ಟನ್ ಥಂಡರ್‌ಬೋಲ್ಟ್ ಮತ್ತು ಮೇರಿ ಆನ್

ಪ್ರಶ್ನೆ: ಆಸ್ಟ್ರೇಲಿಯಾದ ದರೋಡೆಕೋರ ಕ್ಯಾಪ್ಟನ್ ಥಂಡರ್‌ಬೋಲ್ಟ್ ಯಾರು?

ಉತ್ತರ: ನಿಜವಾದ ಹೆಸರು ಫ್ರೆಡರಿಕ್ ವಾರ್ಡ್. 1856ರಲ್ಲಿ ಕದ್ದ ಕುದುರೆಗಳ ಪ್ರಕರಣದಲ್ಲಿ ಸಿಕ್ಕಿಬಿದ್ದು ಸಿಡ್ನಿ ಬಂದರಿನ ಕಾಕಟೂ ದ್ವೀಪದ ಸೆರೆಮನೆ ಸೇರಿದ. 1863ರ ಸೆಪ್ಟೆಂಬರ್‌ನಲ್ಲಿ ಜೊತೆಗಾರನೊಬ್ಬನೊಂದಿಗೆ ಅಲ್ಲಿಂದ ಪರಾರಿ. ಆಮೇಲೆ ಆರು ವರ್ಷಕ್ಕೂ ಮಿಕ್ಕಿ ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದಲ್ಲಿ ಅಂಚೆಗಾಡಿ, ಹೋಟೆಲು, ಅಂಗಡಿಗಳನ್ನು ದೋಚಿದ. ಪೊಲೀಸರತ್ತ ಗುಂಡು ಹಾರಿಸಿದ್ದುಂಟು. ಆದರೆ ಯಾರ ಜೀವವನ್ನೂ ತೆಗೆಯಲಿಲ್ಲ.

ಮೊದಲ ವರ್ಷಗಳಲ್ಲಿ ಅವನು ಸಿಕ್ಕಿಬೀಳದೆ ಉಳಿದದ್ದಕ್ಕೆ ಸಂಗಾತಿ ಮೇರಿ ಆನ್ ಬಗ್ ದೊಡ್ಡ ಕಾರಣವೆಂದೇ ನನ್ನ ನಂಬಿಕೆ. ಮೂಲನಿವಾಸಿ ತಾಯಿಯ ಮಗಳಾದ ಆಕೆ ಕಾಡಿನಲ್ಲೇ ಮಕ್ಕಳನ್ನು ಸಾಕಿದಳು, ಜೈಲನ್ನೂ ಕಂಡಳು. ಜನ ಹಾಡಿ ಹೊಗಳಿದ್ದು ಮಾತ್ರ ಅವನನ್ನೇ, ಇದು ಅನ್ಯಾಯ.

1870ರ ಮೇ 25ರಂದು ಉರಾಲಾ ಊರಿನ ಬಳಿ ಪೇದೆ ಅಲೆಕ್ಸಾಂಡರ್ ವಾಕರ್ ಅವನನ್ನು ಬೆನ್ನಟ್ಟಿ ಗುಂಡಿಕ್ಕಿ ಕೊಂದ.